ಅತ್ತೆಯ ತೂಕ ಮತ್ತು ನನ್ನ ಎರಡು ಬೈಟು

ಅಂದು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿದೆ, ಮಂಡಕ್ಕಿ ನೆನೆಸಿದೆ, ಯಜಮಾನರ ಒಂಟಿ ಕಾಲುಚೀಲಕ್ಕೆ ಜೋಡಿ ಹುಡುಕಿಕೊಟ್ಟೆ. ಹೆಚ್ಚಿನ ಕೆಲಸ ಒಂದೇ: ಅತ್ತೆಯ ತೂಕ ನೋಡುವುದು. ಮಂಡಿನೋವು ವಾಸಿಯಾದರೆ ತಮ್ಮ ತೂಕದಷ್ಟು ಬೆಲ್ಲದಿಂದ ಮನೆದೇವರಿಗೆ ತುಲಾಭಾರ ಮಾಡಿಸುವುದಾಗಿ ಅವರು ಹರಕೆ ಹೊತ್ತಿದ್ದರು. ನೋವು ವಾಸಿಯಾಗಿತ್ತು. ದೇವರ ಪಾಲಿನ ಕೆಲಸ ಮುಗಿದಿತ್ತು, ಉಳಿದದ್ದು ನನ್ನದು!

ನಮ್ಮ ತೂಕದ ಯಂತ್ರದ ಗಾಜು ಒಡೆದು ಅಂಕಿ ಕಾಣುತ್ತಿರಲಿಲ್ಲ. ಆದರೆ ಅದು ಲ್ಯಾಪ್‌ಟಾಪಿಗೆ ಎರಡು ಬೈಟು, ಅಂದರೆ ತೂಕವನ್ನು ಒಡೆದ ಎರಡು ಬಿಡಿ ಸಂಖ್ಯೆ, ಕಳಿಸುತ್ತಿತ್ತು. ಆನ್‌ಲೈನಿನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದ ನನಗೆ ಅಷ್ಟು ಸಾಕು! ದೊಡ್ಡ ಸ್ಥಾನದ ಬೈಟನ್ನು ಇನ್ನೂರೈವತ್ತಾರರಿಂದ ಗುಣಿಸಿ, ಚಿಕ್ಕದನ್ನು ಕೂಡಿಸಿ, ನೂರರಿಂದ ಭಾಗಿಸಿದರೆ ಕಿಲೋ ಸಿದ್ಧ. ದೊಡ್ಡದು ಯಾವುದು? ಮೊದಲು ಬಂದದ್ದೇ ಇರಬೇಕು. ನಮ್ಮ ಮನೆಯಲ್ಲಿ ಹಿರಿಯರೇ ಮುಂದು.

ಪರೀಕ್ಷೆಗೆ ನಾನೇ ನಿಂತೆ. ಇಪ್ಪತ್ತಮೂರು, ಇಪ್ಪತ್ತಮೂರು ಎಂದು ಬಂತು. ಉತ್ತರ ಐವತ್ತೊಂಬತ್ತು ಕಿಲೋ. ಡಾಕ್ಟರೂ ಅಷ್ಟೇ ಹೇಳಿದ್ದರು! ಎರಡೂ ಒಂದೇ ಆದಾಗ ಹಿಂದುಮುಂದಾದರೂ ಉತ್ತರ ಬದಲಾಗದು ಎಂದು ಯಾರು ಯೋಚಿಸುತ್ತಾರೆ?

ಅತ್ತೆ ನಿಂತರು. ಹದಿನೆಂಟು, ಇಪ್ಪತ್ತನಾಲ್ಕು. ನಲವತ್ತಾರು ಕಿಲೋ!

“ಮದುವ್ಯಾಗ ಇಷ್ಟೇ ಇದ್ದೆ ನೋಡವಾ!” ಅತ್ತೆ ಹಿಗ್ಗಿದರು.

“ಅವ್ವ ಇಷ್ಟು ಹಗೂರ ಅದಾಳ? ಇನ್ನೊಮ್ಮಿ ನೋಡು,” ಎಂದರು ಯಜಮಾನರು.

“ಲೆಕ್ಕ ಕಂಪ್ಯೂಟರ್ ಮಾಡೈತ್ರಿ!” ಎಂದು ನಾನು ವಿಚಾರಣೆಯನ್ನು ಮುಕ್ತಾಯಗೊಳಿಸಿದೆ.

ನಲವತ್ತಾರು ಕಿಲೋ ಬೆಲ್ಲ ಕೊಂಡು ಗುಡಿಗೆ ಹೊರಟೆವು. ದಾರಿಯಲ್ಲಿ ತೆಲಿಗಿ ಊರು ದಾಟುವವರೆಗೂ ಅತ್ತೆ ಟಂಟಂ ಆಟೋದಲ್ಲಿ ಕೂತವರಿಗೆಲ್ಲ ತಮ್ಮ ತೂಕ ಸಾರಿದರು. ಗುಡಿಯಲ್ಲಿ ತಕ್ಕಡಿಯೇರಿ ಕೂತರು. ತಂದ ಬೆಲ್ಲವನ್ನೆಲ್ಲ ಪೇರಿಸಿದರೂ ಅವರ ತಟ್ಟೆ ನೆಲ ಬಿಡಲಿಲ್ಲ.

“ಇನ್ನೂ ಹಾಕ್ರಿ,” ಎಂದರು ಪೂಜಾರಿ.

“ಇಷ್ಟೇ ಐತ್ರಿ,” ಎಂದೆ ನಾನು.

ಹಿಂದೆ ಯಾರೋ, “ಸೊಸಿ ದೇವರ ಬೆಲ್ಲದಾಗೂ ಕೈ ಬಿಗಿ ಹಿಡಿದಾಳ!” ಎಂದರು. ನಾನು ಗುಟ್ಟಾಗಿ ನಾಲ್ಕು ತೆಂಗಿನಕಾಯಿ ಇಟ್ಟೆ. ಪೂಜಾರಿ ಬಹಿರಂಗವಾಗಿ ತೆಗೆದರು!

ನಡುವೆ ಇಳಿದರೆ ಹರಕೆ ಕೆಡುತ್ತದಂತೆ. ಯಜಮಾನರು ಊರೊಳಗಿನ ಅಂಗಡಿಗೆ ಓಡಿದರು. ಅತ್ತೆ ಮಡಿಸಿದ ಕಾಲಿನಲ್ಲೇ ಕಾದರು.

“ಮನಿಯಿಂದ ಗುಡಿಗೆ ಬರೋದ್ರಾಗ ದಪ್ಪಾದೆನೇನವಾ? ನೋಡು, ಮಂಡಿ ಮತ್ತ ಹಿಡಿಯಾಕ ಹತ್ತೈತಿ!”

ನಾನು ಕಂಬದ ಮರೆಯಲ್ಲಿ ಮೊಬೈಲಿನಲ್ಲಿ ಪ್ರೋಗ್ರಾಂ ತೆರೆದು, ಬೆಳಗಿನ ಅದೇ ಎರಡು ಬೈಟು ಕೊಟ್ಟು, ದೊಡ್ಡದು ಮೊದಲು ಎನ್ನುವ ‘ಬಿಗ್’ ಇದ್ದಲ್ಲಿ ಚಿಕ್ಕದು ಮೊದಲು ಎನ್ನುವ ‘ಲಿಟಲ್’ ಎಂದು ಬರೆದೆ. ಅತ್ತೆ ತಕ್ಷಣ ಅರವತ್ತೊಂದು ಕಿಲೋ ಆದರು! ಯಂತ್ರ ಚಿಕ್ಕ ಸ್ಥಾನದ ಬೈಟನ್ನು ಮೊದಲು ಕಳಿಸಿತ್ತು. ಕಾನ್ವೆಂಟಿನ ಪ್ರಾರ್ಥನೆ ಸಾಲಿನಲ್ಲಿ ಗಿಡ್ಡವರನ್ನು ಮುಂದೆ ನಿಲ್ಲಿಸಿದಂತೆ. ಹತ್ತು ವರ್ಷ ಆ ಸಾಲಿನ ಮೊದಲಿಗಳಾಗಿ ನಿಂತವಳು ನಾನೇ!

ಬೆಲ್ಲ ಬಂತು. ತಟ್ಟೆ ಎದ್ದಿತು. ಇಳಿದ ಅತ್ತೆ ಕುಂಟುತ್ತ ಯಜಮಾನರ ತೋಳು ಹಿಡಿದರು, ನನ್ನದನ್ನಲ್ಲ.

ಸಂಜೆ ಪಕ್ಕದ ಮನೆಯ ಗಿರಿಜಕ್ಕನಿಗೆ ಪ್ರಸಾದದ ಬೆಲ್ಲ ಕೊಟ್ಟು, ಬೈಟುಗಳ ಹಿಂದುಮುಂದನ್ನು ಸವಿಸ್ತಾರವಾಗಿ ವಿವರಿಸಿದೆ. ಅವರು ಬೆಲ್ಲ ಚೀಪುತ್ತ ಹೇಳಿದರು:

“ಎಲ್ಲಾರೂ ಎರಡು ಮೂಟಿ ಒಯ್ದು, ಉಳಿದಿದ್ದು ಅಂಗಡಿಗೆ ವಾಪಸ್ ಕೊಡ್ತಾರಲ್ರಿ. ತುಲಾಭಾರಕ್ಕ ಮನ್ಯಾಗ ಯಾರು ತೂಕ ನೋಡ್ತಾರ? ಗುಡ್ಯಾಗ ತಕ್ಕಡಿ ಇಟ್ಟಿರೋದು ಮತ್ಯಾಕ?”