ಇಂಟರ್ನೆಟ್ಟಿನಲ್ಲಿ ಕುಬಸ

ಹೊಸ ಶತಮಾನವು ಪುಣೆಯ ಕಾತ್ರಜ ಘಾಟು ದಾಟಿ ನಮ್ಮ ಹಳ್ಳಿಗೂ ಬಂದೇಬಿಟ್ಟಿತು ಎಂದು ನಾನು ಮನಸಾರೆ ನಂಬಿದ್ದೆ. ನಂಬದೆ ಏನು ಮಾಡಲಿ? ಹೆದ್ದಾರಿಯ ಪಕ್ಕ, ನಮ್ಮ ಮನೆಯೆದುರಿಗೇ, ಆಳೆತ್ತರದ ಬೋರ್ಡು ನಿಂತಿತ್ತು: ‘ಹಳ್ಳಿಹಳ್ಳಿಗೂ ಇಂಟರ್ನೆಟ್! ತಂತಿ ಇಲ್ಲ, ತಡೆ ಇಲ್ಲ, ಇಪ್ಪತ್ನಾಲ್ಕು ತಾಸು!’ ಬರೆದದ್ದು ಮರಾಠಿಯಲ್ಲಿ. ಇಷ್ಟು ವರ್ಷ ಪುಣೆಯಲ್ಲಿದ್ದು ನಾನು ಮರಾಠಿ ಓದಲು ಕಲಿತಿದ್ದೆ. ಜಾಹೀರಾತನ್ನು ಅನುಮಾನಿಸಲು ಮಾತ್ರ ಕಲಿತಿರಲಿಲ್ಲ.

ಸದಾಶಿವ ಪೇಠದ ಎರಡು ಕೋಣೆಯ ಬಾಡಿಗೆ ಮನೆ ಬಿಟ್ಟು, ಗಾಳಿ ಬೆಳಕು ಬೇಕೆಂದು ಇಲ್ಲಿಗೆ ಬಂದವರು ನಾವು. ಗಾಳಿ ಸಿಕ್ಕಿತು, ಬೆಳಕೂ ಸಿಕ್ಕಿತು. ಇಂಟರ್ನೆಟ್ ಒಂದು ಬಾಕಿ ಇತ್ತು. ಏಜೆಂಟ್ ಜಾಧವ ಬಂದು ನಮ್ಮ ನೀರಿನ ಟಾಕಿಯ ಮೇಲೆ ಕೊಡೆಯಷ್ಟು ದೊಡ್ಡ ಆಂಟೆನಾ ಕೂಡಿಸಿದ. ಅವತ್ತೇ ನಮ್ಮ ಕಂಪ್ಯೂಟರಿನಲ್ಲಿ ಧಾರವಾಡದ ಹವಾಮಾನ ಕಂಡಿತು! ‘ನಿಮ್ಮಲ್ಲಿ ಮಳೆ ಇದೆ’ ಎಂದು ಧಾರವಾಡದ ನೆಂಟರಿಗೆ ಫೋನು ಮಾಡಿ ಹೇಳಿದೆ. ಅವರು ಆಗಲೇ ನೆನೆಯುತ್ತಿದ್ದರು.

ಅದೇ ವಾರ ನನ್ನ ಹೆಂಡತಿ ವಿಮಲಾಳ ತಂಗಿ ಪದ್ಮಾಳ ಕುಬಸ ನಿಶ್ಚಯವಾಯಿತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಶಾಸ್ತ್ರ. ಮೊದಲ ಉಡಿ ತವರಿನ ಹಿರಿಯಳು ತುಂಬಬೇಕು. ತಾಯಿ ಇಲ್ಲದ ಪದ್ಮಾಳಿಗೆ ಹೆರಳು ಹಾಕಿ, ಸಾಲೆಗೆ ಕಳಿಸಿ, ದೊಡ್ಡವಳನ್ನಾಗಿ ಮಾಡಿದವಳೇ ವಿಮಲಾ. ಸುದ್ದಿ ಬಂದ ದಿನವೇ ಆಕೆ ಧಾರವಾಡದ ಬಸ್ಸಿಗೆ ಟಿಕೆಟ್ಟು ತರಿಸಿಟ್ಟಳು.

ಆಗ ನನಗೊಂದು ವಿಚಾರ ಹೊಳೆಯಿತು. ಹೊಳೆಯಬಾರದಿತ್ತು!

“ರಾತ್ರಿ ಎಲ್ಲಾ ಬಸ್ಸಿನ್ಯಾಗ ಕೂತು ಬೆನ್ನು ಯಾಕ ನೋಯಿಸ್ಕೋತಿ?” ಎಂದೆ. “ನಿನ್ನ ತಮ್ಮ ಶ್ರೀಕಾಂತಗ ಹೇಳಿ ಪದ್ಮಾನ್ನ ಸೈಬರ್ ಕೆಫೆಗೆ ಕರಸೋಣ. ಅಲ್ಲೂ ಕ್ಯಾಮೆರಾ ಅದ, ಇಲ್ಲೂ ಕ್ಯಾಮೆರಾ ಅದ. ನೀ ಇಲ್ಲಿಂದ ಉಡಿ ತೋರಸು, ನಿನ್ನ ಹೆಸರಿನ್ಯಾಗ ಅವರು ಅಲ್ಲೆ ತುಂಬತಾರ.”

“ಉಡಿ ಕೈಲೆ ತುಂಬೂದ್ರೀ, ಕಣ್ಣಿಲೆ ಅಲ್ಲ.”

“ಕಾಲ ಬದಲಾಗ್ಯದ!” ಎಂದು ಗಂಭೀರವಾಗಿ ಘೋಷಿಸಿದೆ. ನಿಜ ಹೇಳಬೇಕೆಂದರೆ, ಆಕೆ ಒಂದು ವಾರ ಧಾರವಾಡದಲ್ಲಿದ್ದರೆ ನನಗೆ ರೊಟ್ಟಿ ಬಡಿದು ಹಾಕುವವರು ಯಾರು ಎಂಬುದೇ ನನ್ನ ಚಿಂತೆ. ಅದನ್ನು ಹೇಳಲಿಲ್ಲ. ತಂತ್ರಜ್ಞಾನದ ಬಗ್ಗೆಯೇ ಭಾಷಣ ಬಿಗಿದು, ಸ್ವತಃ ಕಾತ್ರಜಕ್ಕೆ ಹೋಗಿ ಟಿಕೆಟ್ಟು ರದ್ದು ಮಾಡಿಸಿ ಬಂದೆ.

ಕುಬಸದ ದಿನ ಶ್ರೀಕಾಂತ ನಾನು ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದ. ಬಸುರಿ, ಆರತಿ ತಟ್ಟೆ, ಓಣಿಯ ಮುತ್ತೈದೆಯರು, ಬೀಗರು, ಎಲ್ಲರನ್ನೂ ಸೈಬರ್ ಕೆಫೆಗೆ ಸಾಗಿಸಿದ. ಇತ್ತ ವಿಮಲಾ ರೇಷ್ಮೆ ಸೀರೆ ಉಟ್ಟು, ತೆಂಗಿನಕಾಯಿ, ಅಕ್ಕಿ, ರವಿಕೆಯ ಹಸಿರು ಕಣ ಇಟ್ಟ ತಟ್ಟೆ ಹಿಡಿದು ಕಂಪ್ಯೂಟರಿನ ಮುಂದೆ ಕೂತಳು. ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಮರಳುಗಡಿಯಾರ ಬಂತು. ಬಂದದ್ದು ಹೋಗಲೇ ಇಲ್ಲ.

ಮೊಬೈಲು ಹೊಡೆದುಕೊಂಡಿತು. ಶ್ರೀಕಾಂತ. “ಭಾವಾ, ನೀವು ಕಾಣಸವಲ್ರಿ!”

“ಬಂದ್ವಿ, ಬಂದ್ವಿ! ಹಾದ್ಯಾಗ ಇದ್ದೀವಿ!” ಎಂದೆ, ಕುರ್ಚಿಯಲ್ಲಿ ಕೂತಲ್ಲಿಂದಲೇ.

ಜಾಧವನಿಗೆ ಫೋನು ಮಾಡಿದೆ. ಅವನು ಮರಾಠಿಯಲ್ಲಿ ನನ್ನನ್ನೇ ಗದರಿಸಿದ. “ಟವರು ಗುಡ್ಡದ ಆಚೆ ಇದೆ ಕಾಕಾ. ನಿಮ್ಮಲ್ಲಿ ಗುಡ್ಡ ಇದೆ ಅಂತ ಮೊದಲೇ ಹೇಳಬೇಕಿತ್ತು!”

“ಹಾಗಾದರೆ ಮೊದಲ ದಿನ ಹೇಗೆ ಬಂತು?”

“ಆಗ ಗಿರಾಕಿ ನೀವೊಬ್ಬರೇ. ಈಗ ಊರೆಲ್ಲ ತಗೊಂಡಿದೆ.”

“ಇಪ್ಪತ್ನಾಲ್ಕು ತಾಸು ಅಂತ ಬರೆದಿದ್ದೀರಲ್ಲಪ್ಪ?”

“ಹೌದಲ್ಲ! ಇಪ್ಪತ್ನಾಲ್ಕು ತಾಸಿನಲ್ಲಿ ಯಾವಾಗಾದರೂ ಬಂದೇ ಬರುತ್ತದೆ. ಆಂಟೆನಾ ಸ್ವಲ್ಪ ತಿರುಗಿಸಿ ನೋಡಿ.”

ಟಾಕಿ ಹತ್ತಿದೆ. ಆಂಟೆನಾ ಅಪ್ಪಿಕೊಂಡು ಸಾತಾರಾ ಕಡೆ ತಿರುಗಿಸಿದೆ, ಪುಣೆ ಕಡೆ ತಿರುಗಿಸಿದೆ.

“ಬಂತೇನು?”

“ಇಲ್ರೀ!” ಒಳಗಿನಿಂದ ವಿಮಲಾ.

“ಈಗ?”

“ಈಗೂ ಇಲ್ಲ!”

ಇನ್ನೊಂದು ಹೆಜ್ಜೆ ಇಟ್ಟೆ. ಟಾಕಿಯ ಮುಚ್ಚಳ ಜಾರಿತು. ಒಂದು ಕಾಲು ತೊಡೆಯವರೆಗೆ ನೀರಿಗಿಳಿಯಿತು! ಅದೇ ಗಳಿಗೆಗೆ ಒಳಗಿನಿಂದ ಕೂಗು: “ಬಂತು! ಪದ್ಮಾ ಕಂಡಳು! ಅಲ್ಲಾಡಬ್ಯಾಡ್ರಿ!”

ನಾನು ಅಲ್ಲಾಡಲಿಲ್ಲ. ಒಂದು ಕಾಲು ನೀರಲ್ಲಿ, ಒಂದು ಕಾಲು ಬಿಸಿಲಲ್ಲಿ, ಎದೆಗೆ ಆಂಟೆನಾ ಅವುಚಿಕೊಂಡು ನಿಂತೆ. “ಪದ್ಮಾ, ಈ ಕಡೆ ನೋಡವಾ,” ಎನ್ನುವ ವಿಮಲಾಳ ದನಿ ಕೇಳಿಸಿತು. ಆಮೇಲೆ “ಅಯ್ಯ!” ಎಂದಳು.

ಇಳಿದು ಹೋಗಿ ನೋಡಿದೆ. ಪರದೆಯಲ್ಲಿ ಪದ್ಮಾ ಇರಲಿಲ್ಲ. ಕ್ಯಾಮೆರಾಕ್ಕೆ ಮುಖ ತಂದುಕೊಂಡು ಸೈಬರ್ ಕೆಫೆಯ ಮಾಲೀಕ ಇಣುಕುತ್ತಿದ್ದ. ಅವನ ಮೀಸೆಯ ನಡುವೆ ದುಂಡಗೆ ಕುಂಕುಮ! ನಿಂತುಹೋದ ಚಿತ್ರವನ್ನೇ ತಂಗಿಯೆಂದು ನಂಬಿ ವಿಮಲಾ ಗಾಜಿನ ಮೇಲೆ ಆಕೆಯ ಹಣೆಗೆ ಇಟ್ಟದ್ದು ಅದು. ಚಿತ್ರ ಅಲುಗಿದಾಗ ಪದ್ಮಾ ಎದ್ದುಹೋಗಿದ್ದಳು. ನನಗೆ ನಗು ಬಂತು. ವಿಮಲಾಳ ಮುಖ ನೋಡಿದ ಮೇಲೆ ಬಂದ ನಗು ಬಂದಲ್ಲಿಗೇ ಹೋಯಿತು.

ಮತ್ತೆ ಶ್ರೀಕಾಂತನ ಫೋನು. “ರಾಹುಕಾಲ ಬಂತಂತ ಬೀಗರು ಅವಸರ ಮಾಡಿದ್ರು ಭಾವಾ. ಮೊದಲ ಉಡಿ ಪದ್ಮಾನ ನಾದಿನೀನೇ ತುಂಬಿದ್ಲು.” ಫೋನು ಪದ್ಮಾಳ ಕೈಗೆ ಹೋಯಿತು, ಇತ್ತ ವಿಮಲಾಳ ಕೈಗೆ ಬಂತು. “ಅಕ್ಕಾ, ಭಾಳ ಹೊತ್ತು ಆ ಕಂಪ್ಯೂಟರಿನ್ಯಾಗ ನಿನ್ನ ದಾರಿ ನೋಡಕೋತ ಕೂತಿದ್ದೆ,” ಎಂದದ್ದು ನನಗೂ ಕೇಳಿಸಿತು.

“ಇರಲಿ ಬಿಡವಾ. ಹೊತ್ತಾತು, ಉಂಡು ಮಲಕೋ,” ಎಂದಳು ವಿಮಲಾ. ಉಡಿಯ ತಟ್ಟೆಯನ್ನು ಹಾಗೇ ಎತ್ತಿ ದೇವರ ಮುಂದೆ ಇಟ್ಟಳು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಂಜೆ ಧಾರವಾಡದ ಬಸ್ಸು ಎಂದಿನಂತೆ ನಮ್ಮ ಬಾಗಿಲ ಮುಂದೆಯೇ ಹಾದುಹೋಯಿತು. ಅದಕ್ಕೆ ಯಾವ ಗುಡ್ಡವೂ ಅಡ್ಡ ಬಂದಿರಲಿಲ್ಲ.

ತಪ್ಪು ಮುಚ್ಚಿಕೊಳ್ಳಲು ಒದ್ದೆ ಅರಿವೆ ತಂದು ಪರದೆ ಒರೆಸಲು ಹೋದೆ.

“ಒರಸಬ್ಯಾಡ್ರಿ,” ಎಂದಳು. “ಅದು ನಮ್ಮ ಪದ್ಮಾನ ಹಣಿಗೆ ಇಟ್ಟದ್ದು.”

ಮುಂದೆ ಪದ್ಮಾಳಿಗೆ ಹೆಣ್ಣು ಹುಟ್ಟಿತು. ತೊಟ್ಟಿಲು ಶಾಸ್ತ್ರಕ್ಕೆ ವಿಮಲಾ ತಾನೇ ಕಾತ್ರಜಕ್ಕೆ ಹೋಗಿ ಟಿಕೆಟ್ಟು ತಂದಳು. ಒಂದೇ!

“ನಂದು?” ಎಂದೆ.

“ನೀವು ಇಂಟರ್ನೆಟ್ಟಿನ್ಯಾಗ ಬರ್ರಿ!”

ತೊಟ್ಟಿಲಿನ ದಿನ ಇಂಟರ್ನೆಟ್ ಬೆಳಗಿನಿಂದ ಸಂಜೆವರೆಗೆ ಒಮ್ಮೆಯೂ ಕೈಕೊಡಲಿಲ್ಲ. ಆ ಕಡೆ ಸೈಬರ್ ಕೆಫೆಯಲ್ಲಿ ಮಾತ್ರ ಕ್ಯಾಮೆರಾದ ಮುಂದೆ ನಮ್ಮವರು ಯಾರೂ ಇರಲಿಲ್ಲ. ಎಲ್ಲರೂ ಮನೆಯಲ್ಲಿ ಕೂಸಿನ ಸುತ್ತ ಇದ್ದರು. ಕುಂಕುಮದ ಗಾಜಿನ ಮುಂದೆ ಒಬ್ಬನೇ ಕೂತು ನಾನು ಊಟಕ್ಕೆಂದು ಡಬ್ಬಿ ತೆಗೆದೆ. ಹೋಗುವ ಮೊದಲು ವಿಮಲಾ ಡಬ್ಬಿ ತುಂಬ ಕಟಕ ರೊಟ್ಟಿ ಬಡಿದಿಟ್ಟಿದ್ದಳು, ತಿಂಗಳು ಇಟ್ಟರೂ ಕೆಡುವಂಥದ್ದಲ್ಲ. ಕುಬಸಕ್ಕೆ ಹೋಗಿದ್ದರೂ ಹೀಗೇ ಬಡಿದಿಡುತ್ತಿದ್ದಳು. ಅಂದು ನಾನು ತಂತ್ರಜ್ಞಾನದ ಮಾತು ಬಿಟ್ಟು, ರೊಟ್ಟಿಯ ಮಾತು ಆಡಿದ್ದರೆ ಸಾಕಿತ್ತು.