ತೌಡು ತಿಂದು ತೇಗುವ ನಡುಗದ್ದೆಯ ಗೆಂಡೆಗಳಿಗೆ

ಮಾನ್ಯ ಗೆಂಡೆ ಮೀನುಗಳೇ,

ಬದುವಿನ ಮೇಲೆ ಚಪ್ಪಲಿ ಬಿಟ್ಟು, ಕೈಮುಗಿದು ಬರೆದುಕೊಳ್ಳುವ ವಿನಂತಿ. ಮೊದಲಿಗೆ ನನ್ನ ಕೋಳಿಕಾಲಿನಂಥ ಅಕ್ಷರವನ್ನೂ ಕಾಗುಣಿತದ ತಪ್ಪುಗಳನ್ನೂ ಮನ್ನಿಸಬೇಕು. ನಾನು ಓದಿದ್ದು ನಾಲ್ಕನೇ ತರಗತಿ. ತಾವು ಅಷ್ಟೂ ಓದಿಲ್ಲವೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾಟಿಯಾಗಿ ಸಸಿ ಬೇರು ಹಿಡಿದ ಮೇಲೆ, ಬೆರಳುದ್ದವಿದ್ದ ತಮ್ಮನ್ನು ಬಿಂದಿಗೆಯಲ್ಲಿ ಹೊತ್ತು ತಂದು ಈ ನೀರಿಗೆ ಬಿಟ್ಟವಳು ನಾನೇ. ಅದಕ್ಕೂ ಮುಂಚೆ, ನಾಲ್ಕು ಜನರೆದುರು ಬಾಯಿ ಬಿಡದ ನಾನು, ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ ಎದ್ದು ನಿಂತು, “ಮೀನು ಬಿಟ್ರೆ ಅವೇ ಕಳೆ ತಿನ್ನುತ್ವೆ, ಹುಳಾನೂ ತಿನ್ನುತ್ವೆ, ಔಷಧಿ ಹೊಡೆಯೋದೇ ಬೇಡ” ಎಂದು ತಮ್ಮ ಪರವಾಗಿ ಮಾತು ಕೊಟ್ಟಿದ್ದೆ. ನನ್ನ ಜೀವಮಾನದ ಅತಿ ಉದ್ದದ ಭಾಷಣ ಅದು. ಚಿಕ್ಕಪ್ಪ ತುತ್ತು ಕೈಯಲ್ಲೇ ಹಿಡಿದು, “ಓಹೋ, ನಮ್ಮ ಗೊಂಬೆಗೂ ಮಾತು ಬಂತಲ್ಲಪ್ಪಾ! ಆಗ್ಲಿ ತಾಯಿ, ನಡುಗದ್ದೆ ನಿಂದೇ. ಕಳೆ ಹೋಗ್ಲಿಲ್ಲ ಅಂದ್ರೆ ನೀರು ಬಸಿದು ಔಷಧಿ ಹೊಡೀತೀನಿ, ನಿನ್ನ ಮೀನು ಬಾಣಲೆಗೆ” ಎಂದರು. ಅವರು ಗದ್ದೆ ನೋಡಲು ಬರುವುದು ಈ ಸೋಮವಾರ.

ಇಷ್ಟಾದರೂ ತಮ್ಮ ಸಂಯಮ ಮೆಚ್ಚತಕ್ಕದ್ದು. ಕಳೆಯ ಒಂದು ಎಸಳನ್ನೂ ನೋಯಿಸದೆ ಹೂದೋಟದಂತೆ ಕಾಪಾಡಿದ್ದೀರಿ. ನೀರಿಗೆ ಬಿದ್ದ ಜಿಗಿಹುಳುಗಳಿಗೆ ದಾರಿ ಬಿಟ್ಟು ದಡ ಮುಟ್ಟಿಸುತ್ತೀರಿ. ತೌಡಿನ ಡಬ್ಬದ ಮುಚ್ಚಳ ಸದ್ದಾದರೆ ಮಾತ್ರ, ಊಟಕ್ಕೆ ಕರೆದಾಗ ನಮ್ಮ ಮನೆಯವರೂ ಬಾರದ ವೇಗದಲ್ಲಿ ಬಂದು ಬಾಯಿ ತೆರೆಯುತ್ತೀರಿ. ನಾನು ಹಾಕುವುದು ಬೆಳಿಗ್ಗೆ ಒಂದೇ ಬೊಗಸೆ. ಅಷ್ಟಕ್ಕೇ ಈ ಪರಿ ಹೊಟ್ಟೆ ಬರುವುದು ಹೇಗೆಂದು ತಿಳಿಯದೆ, ನಿನ್ನೆ ಹುಲ್ಲು ಕೊಯ್ಯುವ ನೆಪದಲ್ಲಿ ಬದುವಿನ ಮರೆಯಲ್ಲಿ ಕೂತೆ.

ಬಿಸಿಲು ಕಾಯಿಸಲೆಂದು ಬಂದ ಅಜ್ಜಿ ಸೆರಗಿನ ಗಂಟು ಬಿಚ್ಚಿ ತೌಡು ಉದುರಿಸಿದರು. ಪಾತ್ರೆ ತೊಳೆಯಲು ಬಂದ ಅಮ್ಮ ತಳ ಹಿಡಿದ ಅನ್ನವನ್ನೆಲ್ಲ ಸುರಿದಳು. ಕೊನೆಗೆ ಚಿಕ್ಕಪ್ಪ, ಸಾಕ್ಷಾತ್ ಚಿಕ್ಕಪ್ಪ, ಕಳ್ಳನಂತೆ ಆಚೀಚೆ ನೋಡಿ, ಜೇಬಿನಿಂದ ಒಂದು ಮುಷ್ಟಿ ತೌಡು ತೆಗೆದು, “ಬನ್ರೋ ಮರಿಗಳಾ, ಆ ಹುಡುಗಿ ನಿಮ್ಗೆ ಏನೂ ಹಾಕಲ್ಲ ಅಂತ ಕಾಣುತ್ತೆ, ಸೊರಗಿ ಹೋಗಿದೀರ” ಎಂದರು. ಒಂದೇ ಬೆಳಿಗ್ಗೆ ನಾಲ್ಕು ತಿಂಡಿ ತಿಂದವರು ಕಳೆ ಕೀಳಲು ಬಗ್ಗಿಯಾರೇ? ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಗೊತ್ತಿದ್ದ ತಾವಾದರೂ “ಈಗಷ್ಟೇ ಆಯಿತು, ಸಾಕು” ಎನ್ನಬಹುದಿತ್ತು.

ಹಿರಿಯರಿಗೆ ಎದುರು ನಿಂತು ಹೇಳಲು ನನಗೆ ನಾಚಿಕೆ. ಅದಕ್ಕೇ ಈ ಪತ್ರವನ್ನು ಬದುವಿನ ಗೂಟಕ್ಕೆ ಕಟ್ಟುತ್ತಿದ್ದೇನೆ. ತಮಗೆ ತಲೆ ಎತ್ತಿ ಓದಲಾಗದಿದ್ದರೆ, ಗುಟ್ಟಾಗಿ ಬರುವ ಆ ಮೂವರಲ್ಲಿ ಯಾರಾದರೂ ಓದಿ ಹೇಳಿಯಾರು. ನನ್ನ ಬೇಡಿಕೆ ದೊಡ್ಡದಲ್ಲ: ಸೋಮವಾರದೊಳಗೆ ಕೆಸರು ಕೆದಕಿ ಎಳೆ ಕಳೆಯನ್ನಾದರೂ ಕಿತ್ತು ಮುಗಿಸಬೇಕು, ಆಗದಿದ್ದರೆ ಚಿಕ್ಕಪ್ಪ ಬಂದಾಗ ಒಬ್ಬೊಬ್ಬರೂ ಒಂದೊಂದು ಕಡ್ಡಿ ಬಾಯಲ್ಲಿ ಕಚ್ಚಿಕೊಂಡು ಸಾಲಾಗಿ ನಿಲ್ಲಬೇಕು.

ಇಂದು ಬೆಳಿಗ್ಗೆ ತೌಡಿನ ಡಬ್ಬವನ್ನು ನನಗೊಬ್ಬಳಿಗೇ ಗೊತ್ತಿರುವ ಜಾಗದಲ್ಲಿಟ್ಟು, ಬರಿಗೈಯಲ್ಲಿ ಬದುವಿಗೆ ಬಂದೆ. ತಾವು ಬಂದಿರಿ, ಬಾಯಿ ತೆರೆದಿರಿ, ಬಹಳ ಹೊತ್ತು ನನ್ನನ್ನೇ ನೋಡಿದಿರಿ. ಆಮೇಲೆ ಮೂಲೆಯ ಕಳೆಯ ಒಂದು ಬುಡ ಎರಡು ಸಲ ಅಲುಗಿತು. ಗಾಳಿ ಇರಲಿಲ್ಲ.

ತಮ್ಮ ವಿಶ್ವಾಸಿ,
ನಡುಗದ್ದೆಯ ಗೊಂಬೆ

ತಾ.ಕ.: ಚಿಕ್ಕಪ್ಪ ಬೆಳಗಿನಿಂದ ಅಡುಗೆಮನೆಯಲ್ಲಿ ಏನನ್ನೋ ಹುಡುಕುತ್ತಿದ್ದಾರೆ, ಏನೆಂದು ಕೇಳಿದರೆ ಹೇಳುತ್ತಿಲ್ಲ. ಬಾಣಲೆಯಂತೂ ಅಲ್ಲ, ಅದು ಅವರ ಕಣ್ಣೆದುರೇ ಮೊಳೆಗೆ ತೂಗುತ್ತಿದೆ. ಸೋಮವಾರದವರೆಗೆ ತಾವೂ ಆ ಬಾಣಲೆಯನ್ನು ಮರೆಯಬಾರದೆಂದು ಕೋರಿಕೆ.