ಭುಜ ಮುಟ್ಟದೆ ಏಳದ ಮಾಮಾ

ನಮ್ಮ ಸೋದರಮಾವನಿಗೆ ಒಲೆಯ ಮೇಲಿನ ಹಾಲು ನೋಡಲು ಹೇಳುವುದೂ ಬೆಕ್ಕಿಗೆ ಹೇಳುವುದೂ ಒಂದೇ. ಅಲ್ಲ, ಬೆಕ್ಕೇ ವಾಸಿ. ಹಾಲು ಅದರ ಹೊಟ್ಟೆಗಾದರೂ ಸೇರುತ್ತದೆ!

ಬ್ಯಾಡಗಿಯ ಮನೆಯಲ್ಲಿ ಅತ್ತೆ "ಹಾಲ್ ನೋಡ್ತಿರ್ರಿ, ಹಿತ್ತಲಕ್ಕ ಹೋಗಿ ಬರ್ತೇನಿ" ಎಂದರೆ ಸಾಕು, ಮಾಮಾ ಒಲೆಯೆದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ. ಹಾಲು ಮೇಲೇಳುತ್ತಲೇ ವರದಿ ಶುರು. "ಏರಾಕತ್ತೈತಿ! ಅಂಚಿಗೆ ಬಂತು! ಏಳು ಹತ್ತಕ್ಕ ಉಕ್ಕಿತು!" ಅತ್ತೆ ಓಡಿ ಬರುವಷ್ಟರಲ್ಲಿ ಕಟ್ಟೆಯ ತುಂಬ ಹಾಲು.

"ಒಲಿ ಆರಸಾಕ ಏನಾಗಿತ್ತ್ರಿ ನಿಮಗ?"

"ನೋಡಾಕ ಹೇಳಿದ್ದಿ, ನೋಡೇನಿ. ಟೈಮ್ ಸಮೇತ ಹೇಳೇನಿ. ಆರಸೂದು ಬ್ಯಾರೇದವರ ಡ್ಯೂಟಿ."

ಪಾಪ, ಅವರದೇನು ತಪ್ಪು? ಇಡೀ ಯೌವನವನ್ನು ಗುಡ್ಡದ ಮೇಲಿನ ಒಂದು ರಾಡಾರ್ ಠಾಣೆಯ ಕತ್ತಲೆ ಕೋಣೆಯಲ್ಲಿ ಕಳೆದವರು. ಪರದೆಯ ಮೇಲಿನ ಚುಕ್ಕಿ ನೋಡುವುದು, ನೋಡಿದ್ದನ್ನು ಹೇಳುವುದು, ಅಷ್ಟೇ ಕೆಲಸ. ಪಾಳಿ ಮುಗಿದರೂ ಕಣ್ಣು ತೆಗೆಯುವಂತಿಲ್ಲ. ಮುಂದಿನ ಪಾಳಿಯವನು ಹಿಂದಿನಿಂದ ಬಂದು ಭುಜದ ಮೇಲೆ ಕೈಯಿಟ್ಟು "ಇನ್ನು ನಾನು ನೋಡ್ತೇನೆ" ಎನ್ನಬೇಕು. ಇವರು ಕಂಡದ್ದನ್ನು ಹೇಳಿ ಆಮೇಲೆ ಏಳಬೇಕು. ನಿವೃತ್ತರಾಗಿ ಮನೆಗೆ ಬಂದರೂ ಆ ನಿಯಮ ನಿವೃತ್ತವಾಗಲಿಲ್ಲ. ಮಕ್ಕಳಾದ ನಾವು ಹೋಗಿ ಭುಜ ಮುಟ್ಟುತ್ತಿದ್ದೆವು. ಅತ್ತೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಭುಜಾ ಮುಟ್ಟಿ ಎಬ್ಬಸೂ ನಾಟಕ ನನ್ನ ಕಡೆ ಆಗೂದಿಲ್ಲ. ಬೇಕಾದ್ರ ಸಂಜೀತನಕ ಕುಂದರ್ಲಿ!"

ಒಮ್ಮೆ ಎಲ್ಲರೂ ದಾವಣಗೆರೆಯ ಮದುವೆಗೆ ಹೊರಟು ಹಾವೇರಿ ಸ್ಟೇಷನ್ನಿನಲ್ಲಿ ಕೂತಿದ್ದೆವು. ಅಪ್ಪ "ಬ್ಯಾಗ್ ನೋಡ್ಕೊರಿ" ಎಂದು ಮಾಮಾನಿಗೆ ಹೇಳಿ ನಮ್ಮನ್ನು ಚಹಾಕ್ಕೆ ಕರೆದೊಯ್ದರು. ಅಷ್ಟರಲ್ಲಿ ಗಾಡಿ ಬಂತು, ಮಾಮಾ ಬ್ಯಾಗ್ ಸಮೇತ ಹತ್ತಿರುತ್ತಾರೆಂದುಕೊಂಡು ಗದ್ದಲದಲ್ಲಿ ಸಿಕ್ಕ ಡಬ್ಬಿ ಹತ್ತಿದೆವು. ಕಿಟಕಿಯಿಂದ ನೋಡಿದರೆ ಮಾಮಾ ಬೆಂಚಿನ ಮೇಲೆಯೇ ಇದ್ದಾರೆ! "ಗಾಡಿ ಹೊಂಟ್ತು!" ಎಂದು ನಮಗೇ ಕೂಗಿ ಹೇಳುತ್ತಿದ್ದಾರೆ! ರಾಣೇಬೆನ್ನೂರಿನಲ್ಲಿ ಇಳಿದು, ಬಸ್ಸು ಹಿಡಿದು ಹಿಂದಿರುಗಿ, ನಾನೇ ಓಡಿಹೋಗಿ ಭುಜ ಮುಟ್ಟಿದೆ.

"ಐದು ಬ್ಯಾಗ್. ಎಲ್ಲಾ ಸುರಕ್ಷಿತ" ಎಂದು ಎದ್ದರು. ಮದುವೆಯ ಊಟ ನಮಗೆ ಸಿಗಲಿಲ್ಲ.

ದೊಡ್ಡವಳಾದ ಮೇಲೆ ಅವರ ಠಾಣೆಯ ಇತಿಹಾಸ ಬರೆಯೋಣವೆಂದು ಪುಸ್ತಕ ಹಿಡಿದು ಕೂತೆ. ಗುಡ್ಡದ ಹೆಸರು ಹಾಕಕೂಡದೆಂದು ಮೊದಲೇ ಅಪ್ಪಣೆಯಾಯಿತು. ಸರಿ, ಏನು ನಡೆಯಿತು?

"ಏನೂ ನಡೀಲಿಲ್ಲ."

"ಅಷ್ಟೂ ವರ್ಷ?"

"ದಿನಾ ಅದನ್ನ ಬರದೇವಿ. ಏನೂ ಕಾಣಲಿಲ್ಲ, ಎಲ್ಲಾ ಸುರಕ್ಷಿತ. ಅದಕ್ಕ ನೀವೆಲ್ಲಾ ಗೊರಕಿ ಹೊಡದೀರಿ."

ಏನೂ ನಡೆಯದ್ದರ ಇತಿಹಾಸವನ್ನು ಯಾರು ಓದುತ್ತಾರೆ ಹೇಳಿ? ಪುಸ್ತಕ ಮುಚ್ಚುವವಳಿದ್ದೆ. ಆಗ ಮಾಮಾ ತಾವಾಗಿಯೇ ಕೊನೆಯ ದಿನದ ಮಾತು ತೆಗೆದರು. ಹೊಸ ಯಂತ್ರ ಬೇರೆಲ್ಲೋ ಬಂದಿತ್ತು, ಇದನ್ನು ಮುಚ್ಚುವ ಆದೇಶವಾಗಿತ್ತು. ಅಂದು ಕುರ್ಚಿಯಲ್ಲಿದ್ದವರು ಇವರೇ. ಯಾರೋ ಹೊರಗಿನಿಂದ ಕರೆಂಟ್ ತೆಗೆದರು. ಪರದೆ ಕಪ್ಪಾಯಿತು. ಇವರು ಕಾದರು. ಮುಂದಿನ ಪಾಳಿಯೇ ಇರಲಿಲ್ಲವಲ್ಲ, ಬರುವವರಾದರೂ ಯಾರು? ಲಾರಿ ಹೊರಟಿದೆಯೆಂದು ಬೈದು ಎಬ್ಬಿಸಿದರಂತೆ.

"ಭುಜಕ್ಕ ಯಾರೂ ಕೈ ಹಚ್ಚಲಿಲ್ಲ ನೋಡವಾ" ಎಂದರು. ನನಗೆ ನಗು ಬರಲಿಲ್ಲ.

ಮೊಬೈಲಿನಲ್ಲಿ ಆ ಗುಡ್ಡವನ್ನು ಹುಡುಕಿ ತೋರಿಸಿದೆ. ಹೆಸರು ಹೇಳಬಾರದ ಆ ಜಾಗದಲ್ಲಿ ಜನ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು! ಸೂರು ಕುಸಿದ ಕೋಣೆಯಲ್ಲಿ ಆಡುಗಳು ಮಲಗಿದ್ದವು. ಮಾಮಾ ಬಹಳ ಹೊತ್ತು ನೋಡಿ ಒಂದೇ ಮಾತು ಕೇಳಿದರು. "ಕುರ್ಚಿ ಐತೇನು ನೋಡು."

ಇರಲಿಲ್ಲ.

ಹೋದ ವರ್ಷ ಅವರ ಎದೆಯೇ ಕೈಕೊಟ್ಟಿತು. ಹಾವೇರಿಯ ಆಸ್ಪತ್ರೆಯಲ್ಲಿ ಮಂಚದ ಪಕ್ಕಕ್ಕೆ ಹೃದಯಬಡಿತ ತೋರಿಸುವ ಪರದೆ ಇಟ್ಟರು. ಅದರ ಮೇಲೆ ಹಸಿರು ಚುಕ್ಕಿ! ಕೇಳಬೇಕೆ? ಮೂರು ದಿನ ಕಣ್ಣು ಮುಚ್ಚಲಿಲ್ಲ. "ಸಿಸ್ಟರ್, ಎಂಬತ್ತೆರಡು! ಸ್ವಲ್ಪ ಇಳದೈತ್ರಿ!"

"ಅಜ್ಜಾರ, ಅದನ್ನ ನೋಡೂದು ನಮ್ಮ ಕೆಲಸರಿ. ನೀವು ಮಲಕೋರಿ" ಎಂದು ನರ್ಸ್ ಬೇಡಿಕೊಂಡಳು. ಪರದೆಯನ್ನು ಆಚೆ ತಿರುಗಿಸಿದರೆ ಇವರು ಕತ್ತನ್ನೇ ತಿರುಗಿಸಿದರು. ಡಾಕ್ಟರು ನಮ್ಮನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನವಿಲ್ಲ, ಇದ್ದಷ್ಟು ಹೊತ್ತು ನೆಮ್ಮದಿಯಾಗಿ ನಿದ್ದೆಯನ್ನಾದರೂ ಮಾಡಲಿ ಎಂದರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಮಂಚದ ತಲೆಯ ಕಡೆಯಿಂದ ಬಂದು, ನಿಂತು, ಜೀವಮಾನದಲ್ಲಿ ಮೊದಲ ಸಲ ಗಂಡನ ಭುಜದ ಮೇಲೆ ಕೈಯಿಟ್ಟರು.

"ಇನ್ನ ನಾ ನೋಡ್ತೇನಿ."

ಮಾಮಾ ತಿರುಗಿ ನೋಡಲಿಲ್ಲ. ಆ ಕೈ ಯಾರದೆಂದು ಅವರಿಗೆ ಗೊತ್ತಿತ್ತು. "ಏನೂ ಕಾಣಲಿಲ್ಲ. ಎಲ್ಲಾ ಸುರಕ್ಷಿತ" ಎಂದು ಕಣ್ಣು ಮುಚ್ಚಿದರು.

ಮರುದಿನ ಮಧ್ಯಾಹ್ನ ಪರದೆಯ ಮೇಲಿನ ಗೆರೆ ಸಪಾಟಾಯಿತು. ನರ್ಸ್ ಬಂದು ಯಂತ್ರ ಆರಿಸಿದಳು. ಸುದ್ದಿ ತಿಳಿದು ಬ್ಯಾಡಗಿಯಿಂದ ಮಂದಿ ಬಂದರು, ಅಳುವವರು ಅತ್ತರು, ಹೊರಡುವ ಹೊತ್ತಾಯಿತೆಂದು ಒಬ್ಬೊಬ್ಬರೇ ಅತ್ತೆಯನ್ನು ಕರೆದರು. ಅತ್ತೆ ಸ್ಟೂಲಿನಿಂದ ಏಳಲಿಲ್ಲ. ಕಪ್ಪು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ನಾನು ಹಿಂದಿನಿಂದ ಹೋಗಿ ಅವರ ಭುಜದ ಮೇಲೆ ಕೈಯಿಟ್ಟೆ. "ಅತ್ತಿ, ಇನ್ನ ನಾ ನೋಡ್ತೇನಿ. ಏಳ್ರಿ."